ಗ್ರೇಟ್ ಡೇನ್ ಮರಿ ತೆಳ್ಳಗಿದ್ದರೆ ಚಿಂತೆಯೇ?

ಪ್ರಶ್ನೆ: ನಾಲ್ಕು ತಿಂಗಳ ಗ್ರೇಟ್ ಡೇನ್ ಮರಿಯ ಪಕ್ಕೆಲುಬು ಕೈಗೆ ಸಿಗುತ್ತದೆ. ಊಟವನ್ನೂ ಕ್ಯಾಲ್ಸಿಯಂ ಪುಡಿಯನ್ನೂ ಹೆಚ್ಚಿಸಬೇಕೆ?

ಉತ್ತರ: ಕೊಬ್ಬಿನ ತೆಳು ಪದರದಡಿಯಲ್ಲಿ ಪಕ್ಕೆಲುಬು ಸುಲಭವಾಗಿ ಸ್ಪರ್ಶಕ್ಕೆ ಸಿಗುವುದು, ಮೇಲಿನಿಂದ ನೋಡಿದಾಗ ಸೊಂಟ ಕಿರಿದಾಗಿ ಕಾಣುವುದು ಆರೋಗ್ಯದ ಲಕ್ಷಣವೇ ಹೊರತು ಕೊರತೆಯದಲ್ಲ. ಹುಟ್ಟಿದಾಗ ಸುಮಾರು ಅರ್ಧ ಕಿಲೋ ತೂಗುವ ಈ ತಳಿಯ ಮರಿ ಒಂದೂವರೆ ವರ್ಷದ ಹೊತ್ತಿಗೆ ಸಾಮಾನ್ಯವಾಗಿ 50 ಕಿಲೋ ಮೀರುವುದರಿಂದ, ಎಲುಬಿನ ತುದಿಗಳಲ್ಲಿರುವ ಬೆಳವಣಿಗೆಯ ಫಲಕಗಳು, ಅಂದರೆ ಎಲುಬನ್ನು ಉದ್ದವಾಗಿಸುವ ಮೃದ್ವಸ್ಥಿಯ ಪದರಗಳು, ಗಟ್ಟಿಯಾಗುವ ಮೊದಲೇ ದೊಡ್ಡ ಭಾರವನ್ನು ಹೊರಬೇಕಾಗುತ್ತದೆ. ಅತಿಯಾಗಿ ಉಣಿಸಿದ ಮರಿ ಕೊನೆಗೆ ಹೆಚ್ಚು ಎತ್ತರವಾಗುವುದಿಲ್ಲ, ಏಕೆಂದರೆ ಎತ್ತರವು ಬಹುಮಟ್ಟಿಗೆ ವಂಶವಾಹಿಗಳ ಕೆಲಸ. ಅದು ಬೇಗ ಭಾರವಾಗುತ್ತದೆ, ಅಷ್ಟೆ, ಮತ್ತು ಸೊಂಟದ ಕೀಲು ಸಡಿಲಗೊಂಡು ಸವೆಯುವ ಹಿಪ್ ಡಿಸ್‌ಪ್ಲೇಸಿಯಾದಂಥ ತೊಂದರೆಗಳಿಗೆ ಸುಲಭವಾಗಿ ತುತ್ತಾಗುತ್ತದೆ.

ಕ್ಯಾಲ್ಸಿಯಂ ಪುಡಿಯ ವಿಷಯ ಇನ್ನೂ ಗಂಭೀರವಾದದ್ದು, ಆದರೂ ಅಕ್ಕರೆಯ ಹೆಸರಿನಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವುದು ಅದೇ. ಬೆಳೆದ ನಾಯಿಯ ಕರುಳು ಬೇಕಾದಷ್ಟನ್ನು ಮಾತ್ರ ಹೀರಿಕೊಳ್ಳಬಲ್ಲದು. ಸುಮಾರು ಆರು ತಿಂಗಳೊಳಗಿನ ಮರಿಗೆ ಆ ನಿಯಂತ್ರಣ ಪೂರ್ಣವಾಗಿರುವುದಿಲ್ಲ. 1980ರ ದಶಕದಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಇದೇ ತಳಿಯ ಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಹೆಚ್ಚುವರಿ ಕ್ಯಾಲ್ಸಿಯಂ ತಿಂದವುಗಳ ಎಲುಬು ಮತ್ತು ಮೃದ್ವಸ್ಥಿಯ ಬೆಳವಣಿಗೆಯೇ ಏರುಪೇರಾದದ್ದು ಕಂಡುಬಂತು. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಸಮತೋಲಿತ ಆಹಾರವನ್ನು ಕೊಡುತ್ತಿರುವಾಗ ಪುಡಿಯ ಅಗತ್ಯವಿರುವುದಿಲ್ಲ. ಆದರೆ ಪಕ್ಕೆಲುಬುಗಳ ಜೊತೆಗೆ ಬೆನ್ನೆಲುಬು ಮತ್ತು ಸೊಂಟದ ಮೂಳೆಗಳೂ ದೂರದಿಂದಲೇ ಎದ್ದು ಕಂಡರೆ ಜಂತುಹುಳು ಮೊದಲಾದ ಕಾರಣಗಳಿಗಾಗಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದು ಅಗತ್ಯ.