ಪಥ್ಯ ಹೇಳುವ ಉದ್ಯೋಗಕ್ಕೆ ಓದುವ ದಾರಿ

ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಎಳನೀರು ಕೊಂಡೊಯ್ಯುವುದು ನಮ್ಮವರ ವಾಡಿಕೆ. ಆದರೆ ಮೂತ್ರಪಿಂಡ ಕೆಟ್ಟವರಿಗೆ ಆ ಎಳನೀರೇ ಅಪಾಯವಾದೀತು. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ಕೂಡಿಕೊಂಡರೆ ಹೃದಯದ ಬಡಿತವೇ ಕೆಡುತ್ತದೆ. ಸಕ್ಕರೆ ಕಾಯಿಲೆಯವರು ರಾಗಿಮುದ್ದೆ ಎಷ್ಟು ಉಂಡರೂ ನಡೆಯುತ್ತದೆಂಬುದೂ ತಪ್ಪು ತಿಳಿವಳಿಕೆಯೇ. ರಾಗಿಯಲ್ಲಿಯೂ ಬಹುಪಾಲು ಪಿಷ್ಟವೇ ಇದೆ. ರೋಗಿಯ ರಕ್ತಪರೀಕ್ಷೆ, ಔಷಧಿ, ಮನೆಯ ಊಟದ ರೂಢಿ ಇವನ್ನೆಲ್ಲ ನೋಡಿ ಲೆಕ್ಕ ಹಾಕಿ ಪಥ್ಯ ಹೇಳುವವರಿಗೆ ಡಯಟಿಷಿಯನ್ ಎನ್ನುತ್ತಾರೆ.

ಮಗಳು ಈ ವಿದ್ಯೆ ಕಲಿಯಬೇಕೆನ್ನುತ್ತಾಳೆ, ಹೇಗೆ ಎಂದು ವಾಚನಾಲಯದಲ್ಲಿ ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಮೂರು ತಿಂಗಳಲ್ಲಿ ಸರ್ಟಿಫಿಕೇಟು ಕೊಡುತ್ತೇವೆಂಬ ಜಾಹೀರಾತನ್ನು ಕತ್ತರಿಸಿ ತಂದವರೂ ಉಂಟು. ಅಂತಹ ಕಾಗದದಿಂದ ಆಸ್ಪತ್ರೆಯ ಕೆಲಸ ಸಿಗುವುದಿಲ್ಲ.

ಹತ್ತನೆಯ ತರಗತಿ ಮುಗಿದಾಗಲೇ ಯೋಚಿಸಬೇಕು. ಬೇಗ ಗುಮಾಸ್ತೆ ಕೆಲಸ ಸಿಗಲೆಂದು ನಾವು ಮಕ್ಕಳನ್ನು ಕಾಮರ್ಸಿಗೆ ಸೇರಿಸಿಬಿಡುತ್ತೇವೆ. ಆಮೇಲೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರುವುದು ಕ್ಷೇಮ. ಅನಂತರ ಆಹಾರ ಮತ್ತು ಪೋಷಣೆ ಅಥವಾ ಗೃಹವಿಜ್ಞಾನದಲ್ಲಿ ಬಿ.ಎಸ್ಸಿ., ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಅಥವಾ ಸ್ನಾತಕೋತ್ತರ ಡಿಪ್ಲೊಮಾ. ಇಷ್ಟಕ್ಕೇ ಮುಗಿಯಲಿಲ್ಲ. 1963ರಲ್ಲಿ ಸ್ಥಾಪಿತವಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ 'ರಿಜಿಸ್ಟರ್ಡ್ ಡಯಟಿಷಿಯನ್' ಪರೀಕ್ಷೆ ನಡೆಸುತ್ತದೆ. ಅದಕ್ಕೆ ಕೂರಲು ಆಸ್ಪತ್ರೆಯ ಪಥ್ಯ ವಿಭಾಗದಲ್ಲಿ ಆರು ತಿಂಗಳ ತರಬೇತಿ ಬೇಕು. ಮೂಗಿನ ನಳಿಕೆಯಿಂದ ಆಹಾರ ಕೊಡುವ ರೋಗಿಗೆ ದಿನಕ್ಕೆ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದು ವಾರ್ಡಿನಲ್ಲಿ ನಿಂತು ನೋಡಿದರೆ ಕೈಗೆ ಬರುವ ವಿದ್ಯೆ. ಈ ಅವಧಿಯಲ್ಲಿ ಸಂಬಳ ಬರುವುದೆಂದು ನಂಬಿ ಕೂರದೆ ಮನೆಯ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ದುಡಿಯುತ್ತ ಅಂಚೆಯ ಮೂಲಕ ಓದುವುದು ನಮ್ಮಂಥವರ ಹಳೆಯ ಆಸರೆ. ಈ ವಿಷಯದಲ್ಲಿ ಮಾತ್ರ ಅದನ್ನು ನೆಚ್ಚಬಾರದು. 2021ರ ಕೇಂದ್ರ ಕಾನೂನು ಡಯಟಿಷಿಯನ್ನರನ್ನು ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿತು. ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವ ಏರ್ಪಾಡೂ ಅದರಲ್ಲಿದೆ. ಅದನ್ನನುಸರಿಸಿ 2025ರಲ್ಲಿ ಯು.ಜಿ.ಸಿ.ಯು ಪೋಷಣೆ ಮತ್ತು ಪಥ್ಯಶಾಸ್ತ್ರದ ಪದವಿಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನಿನಲ್ಲಿ ಕೊಡುವುದನ್ನು ಆ ಸಾಲಿನ ಪ್ರವೇಶದಿಂದಲೇ ನಿಲ್ಲಿಸಿತು. ಇದನ್ನು ತಿಳಿಯದೆ ಶುಲ್ಕ ಕಟ್ಟಿದರೆ ಹಣವೂ ಹೋಯಿತು, ವರ್ಷವೂ ಹೋಯಿತು.

ನಮ್ಮ ಮುಂಬಯಿಯಲ್ಲಿ, ಕರ್ವೆಯವರು 1916ರಲ್ಲಿ ಪುಣೆಯಲ್ಲಿ ಆರಂಭಿಸಿದ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾನಿಲಯದ ಗೃಹವಿಜ್ಞಾನ ಕಾಲೇಜು ಜುಹುವಿನಲ್ಲಿದೆ. ದಿಲ್ಲಿಯಲ್ಲಿ 1932ರ ಲೇಡಿ ಇರ್ವಿನ್ ಕಾಲೇಜು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ನರ ಒಂದು ಚಿಕ್ಕ ಪ್ರಯೋಗಶಾಲೆಯಾಗಿ ಹುಟ್ಟಿದುದು; ಅಲ್ಲಿಯೂ ಎಂ.ಎಸ್ಸಿ. ಉಂಟು, ಒಲವು ಮಾತ್ರ ಆಸ್ಪತ್ರೆಗಿಂತ ಜನಸಮುದಾಯದ ಪೋಷಣೆಯ ಕಡೆಗೆ. ಊರಿನಲ್ಲಿ ಬಂಧುಗಳಿದ್ದವರು ಮೈಸೂರು ವಿಶ್ವವಿದ್ಯಾನಿಲಯವನ್ನೂ ವಿಚಾರಿಸಬಹುದು. ಗಂಡುಮಕ್ಕಳು ಓದಬಾರದೆಂದೇನೂ ಇಲ್ಲ. ಸೇರಬಯಸುವ ಕಾಲೇಜು ಮಹಿಳೆಯರಿಗೆ ಮಾತ್ರವೇ ಎಂದು ಮೊದಲು ಕೇಳಿಕೊಳ್ಳಬೇಕು, ಅಷ್ಟೆ.

ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು, ತರಬೇತಿ ಯಾವ ಆಸ್ಪತ್ರೆಯಲ್ಲಿ, ಆ ಓದಿನ ಮೇಲೆ ಅಸೋಸಿಯೇಷನ್ನಿನ ಪರೀಕ್ಷೆಗೆ ಕೂರಬಹುದೇ — ಶುಲ್ಕ ಕಟ್ಟುವ ಮುಂಚೆ ಈ ಮೂರಕ್ಕೂ ಬರವಣಿಗೆಯಲ್ಲಿಯೇ ಉತ್ತರ ಪಡೆಯಿರಿ. ಇಂಗ್ಲಿಷಿನಲ್ಲಿ ಪತ್ರ ಬರೆಯಲು ಹಿಂಜರಿಯುವವರು ಸಂಜೆ ವಾಚನಾಲಯಕ್ಕೆ ಬರಲಿ. ನಾವು ಕುಳಿತು ಬರೆದುಕೊಡುತ್ತೇವೆ.