ಉಪ್ಪನ ಅಂಬಾಸಿಡರ್‌ನಲ್ಲಿ ಯಾರ ಪಾಲು ಎಷ್ಟು?

ಸೊರಬದ ನಮ್ಮ ಮನೆಯ ಹಿಂದೆ, ಸೋಗೆ ಹೊದಿಸಿದ ಮಾಡಿನ ಕೆಳಗೆ, ಮೂರು ವರ್ಷ ಒಂದು ಬಿಳಿ ಅಂಬಾಸಿಡರ್ ನಿಂತಿತ್ತು. ನಾಲ್ಕು ಟಯರುಗಳ ಗಾಳಿಯೂ ಇಳಿದು ರಿಮ್ಮು ನೆಲಕ್ಕೆ ತಾಗಿತ್ತು. ಬಾನೆಟ್ಟಿನ ಮೇಲೆ ಯಾರೋ ಇಟ್ಟ ಅಡಿಕೆ ಗೋಣಿಯನ್ನು ಮತ್ತೆ ಯಾರೂ ತೆಗೆದಿರಲಿಲ್ಲ. ಹಿಂದಿನ ಕಿಟಕಿಯ ಗಾಜು ಪೂರ್ತಿ ಏರುತ್ತಿರಲಿಲ್ಲವಾದ್ದರಿಂದ ಕೋಳಿಯೊಂದು ಒಳಗೆ ಹೋಗಿ ಸೀಟಿನ ಮೇಲೆ ಮೊಟ್ಟೆ ಇಡುತ್ತಿತ್ತು. ಆ ಮೂರು ವರ್ಷದಲ್ಲಿ ಕಾರಿನಿಂದ ನಮಗೆ ಬಂದ ಆದಾಯ ಆ ಮೊಟ್ಟೆಗಳಷ್ಟೆ.

ಕಾರು ನಮ್ಮ ಉಪ್ಪನದು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಒಣಮೀನು, ಅಡಿಕೆ ಎಂದು ವ್ಯಾಪಾರ ಮಾಡಿದ ಎಷ್ಟೋ ಬ್ಯಾರಿಗಳಲ್ಲಿ ಅವರೂ ಒಬ್ಬರು. 1992ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ನೋಂದಣಿಯಾದ, ಕೆಎ 19 ನಂಬರಿನ ಡೀಸೆಲ್ ಗಾಡಿ. 1489 ಸಿಸಿ ಎಂಜಿನ್, ಸ್ಟೇರಿಂಗಿನ ಕುತ್ತಿಗೆಗೇ ಅಂಟಿಕೊಂಡ ಗೇರು, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ. ಬೆಳಿಗ್ಗೆ ಹೀಟರ್ ಹಾಕಿ ಸ್ವಲ್ಪ ಹೊತ್ತು ಕಾಯದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಉಪ್ಪ ಆ ಹೊತ್ತಿನಲ್ಲಿ ಬಿಸ್ಮಿಲ್ಲಾ ಹೇಳಿ, ಕನ್ನಡಿ ಒರೆಸಿ, ಜೇಬಿನ ಚೀಟಿ ನೋಡಿಕೊಳ್ಳುತ್ತಿದ್ದರು. ಹೊಸ ಕಾರು ತಗೊಳ್ಳಿ ಎಂದು ಯಾರಾದರೂ ಹೇಳಿದರೆ, "ಅದರಲ್ಲಿ ಇದೆಲ್ಲ ಮಾಡ್ಲಿಕ್ಕೆ ಟೈಮು ಎಲ್ಲಿ ಸಿಗ್ತದೆ?" ಎನ್ನುತ್ತಿದ್ದರು.

ಆ ಕಾಲದಲ್ಲಿ ನಮ್ಮ ಕಡೆ ಅಂಬಾಸಿಡರ್ ಎಂದರೆ ಅಪರೂಪವೇನೂ ಅಲ್ಲ. ಸೊರಬದವರಾದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ, ಹೀಗೆ ಅಕ್ಕಪಕ್ಕದ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಚುನಾವಣೆ ಬಂತೆಂದರೆ ಸಿರಾಳಕೊಪ್ಪದ ರಸ್ತೆಯಲ್ಲಿ ಬಿಳಿ ಅಂಬಾಸಿಡರ್‌ಗಳ ಸಾಲು. ಉಪ್ಪನ ಗಾಡಿ ಕಂಡು ಯಾರೋ ಲೀಡರು ಬಂದರೆಂದು ಜನ ಎದ್ದು ನಿಂತದ್ದೂ ಉಂಟು. ಇಳಿಯುವುದು ನೋಡಿದರೆ ಒಣಮೀನಿನ ಬ್ಯಾರಿ. ಉಪ್ಪ ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲೆಂಡಿನ ಕಾರಿನ ಅಚ್ಚಿನಿಂದ ಬಂದ ಈ ಗಾಡಿಯನ್ನು ಹಿಂದೂಸ್ಥಾನ್ ಮೋಟಾರ್ಸ್ ಕಂಪೆನಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಯಾರಿಸಿತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಂತಿತು. 2017ರಲ್ಲಿ ಆ ಹೆಸರನ್ನೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೊ ಕಂಪೆನಿಗೆ ಮಾರಿದರು. ಕಾರಿಲ್ಲದ ಬರೀ ಹೆಸರಿಗೆ 80 ಕೋಟಿ. ಹೆಸರಿನ ಜೊತೆಗೆ ಕಾರೂ ಇದ್ದ ನಮ್ಮ ಗಾಡಿಗೆ ಎಷ್ಟು ಎಂಬುದು ಮುಂದೆ ಬರುತ್ತದೆ.

ಉಪ್ಪ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಮಕ್ಕಳು ನಾವು ಮೂವರು. ದೊಡ್ಡವಳು ಅಕ್ಕ, ಮದುವೆಯಾಗಿ ಗಂಗೊಳ್ಳಿಯಲ್ಲಿದ್ದಾಳೆ. ನಡುವಿನವನಿಗೆ ಶಿಕಾರಿಪುರದಲ್ಲಿ ಅಂಗಡಿ. ಕಿರಿಯವನು ಸೊರಬದ ಮನೆಯಲ್ಲಿ ಉಮ್ಮನ ಜೊತೆ. ಕಾರನ್ನು ಇಟ್ಟುಕೊಳ್ಳುವುದೆಂದು ಗಂಡುಮಕ್ಕಳಿಬ್ಬರೂ ಮಾತಿಲ್ಲದೆಯೇ ತೀರ್ಮಾನಿಸಿಬಿಟ್ಟಿದ್ದೆವು. ಉಪ್ಪನ ಕಾರು, ಮಾರುವುದೆಂದರೇನು? ರಿಪೇರಿ ಮಾಡಿಸೋಣ, ಮಕ್ಕಳ ಮದುವೆಗೆ ಅದರಲ್ಲೇ ಹೋಗೋಣ ಎಂದೆಲ್ಲ ಮಾತು. ಆ ಮಕ್ಕಳಲ್ಲಿ ದೊಡ್ಡವಳು ಈಗ ಆರನೇ ಕ್ಲಾಸು.

ಮಾತು ಬದಲಾದದ್ದು ಆಸ್ತಿಯ ಲೆಕ್ಕಕ್ಕೆ ಕುಳಿತ ದಿನ. ಮನೆ, ತೋಟ, ಅಂಗಡಿಯ ಮುಂಗಡ ಎಲ್ಲ ಬರೆದಾದ ಮೇಲೆ ಉಸ್ತಾದರು ಕೇಳಿದರು: "ಹಿಂದೆ ಒಂದು ಕಾರು ಉಂಟಲ್ಲ, ಅದು?" ಅದು ಹಾಳಾದ ಗಾಡಿ, ಅದನ್ನು ಬರೆಯುವುದೇನು ಎಂದೆವು. ಅವರು ಒಪ್ಪಲಿಲ್ಲ. ತೀರಿಕೊಂಡವರ ಕೈಗಡಿಯಾರವೂ ವಾರಸುದಾರರೆಲ್ಲರದ್ದು, ಕಾರು ಹೇಗೆ ಇಬ್ಬರದಾಗುತ್ತದೆ? ಸಾಲ ತೀರಿಸಿ ಉಳಿದದ್ದರಲ್ಲಿ ಹೆಂಡತಿಗೆ ಎಂಟನೇ ಒಂದು ಪಾಲು. ಉಪ್ಪನ ತಂದೆತಾಯಿ ಮೊದಲೇ ತೀರಿಹೋದ್ದರಿಂದ ಉಳಿದದ್ದೆಲ್ಲ ಮಕ್ಕಳಿಗೆ, ಗಂಡಿಗೆ ಎರಡಾದರೆ ಹೆಣ್ಣಿಗೆ ಒಂದು. ಕಾರಿಗೆ 40 ಸಾವಿರ ಬರುತ್ತದೆಂದು ಇಟ್ಟುಕೊಂಡರೆ ಉಮ್ಮನಿಗೆ 5 ಸಾವಿರ, ಅಕ್ಕನಿಗೆ 7 ಸಾವಿರ, ನಮ್ಮಿಬ್ಬರಿಗೆ 14 ಸಾವಿರದ ಹಾಗೆ.

"ಅವರಿಬ್ಬರ ಒಪ್ಪಿಗೆ ಕೇಳಿದ್ದೀರಾ?" ಎಂದು ಉಸ್ತಾದರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕೇಳಿರಲಿಲ್ಲ. ಪ್ರೀತಿಯ ವಸ್ತು ಎಂದ ಕೂಡಲೇ ಅದು ಎಲ್ಲರಿಗೂ ಪ್ರೀತಿಯದೇ ಎಂದುಕೊಂಡಿದ್ದೆವು.

ಅಕ್ಕನಿಗೆ ಫೋನು ಮಾಡಿದರೆ ಅವಳು ಸೀದಾ ಹೇಳಿದಳು: "ನನಗೆ ಏಳು ಸಾವಿರ ಬೇಡ. ಆದ್ರೆ ಅದನ್ನು ಇಟ್ಕೊಳ್ಳೋದಾದ್ರೆ ಓಡಿಸಿ. ಕೋಳಿ ಸಾಕ್ಲಿಕ್ಕೆ ಉಪ್ಪ ಕಾರು ತಗೊಂಡದ್ದಲ್ಲ." ಸರಿ, ಓಡಿಸುವುದಕ್ಕೆ ಏನು ಬೇಕೆಂದು ನೋಡೋಣ ಎಂದು ಕಾಗದಪತ್ರ ತೆಗೆದೆವು. ಹಳೇ ಕಾರು ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದ್ದರಿಂದ ಇಷ್ಟನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರಿಗೆ ನಿಷೇಧ ಬಂದ ಸುದ್ದಿ ಓದಿ ಇಲ್ಲೂ ಹಾಗೇ ಎಂದು ತಿಳಿದವರಿದ್ದಾರೆ. ನಮ್ಮಲ್ಲಿ ಹಾಗಿಲ್ಲ. 15 ವರ್ಷವಾದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಉಪ್ಪ 2007, 2012, 2017ರಲ್ಲಿ ತಪ್ಪದೆ ಮಾಡಿಸಿದ್ದರು. 2022ರ ನವೆಂಬರ್‌ನದ್ದು ತಪ್ಪಿತು. ಕಾರಿನ ನವೀಕರಣಕ್ಕೆ ಒಂದು ಕಾಲದಲ್ಲಿ 600 ರೂಪಾಯಿ ಶುಲ್ಕವಿತ್ತು. 2022ರ ಏಪ್ರಿಲ್‌ನಿಂದ ಅದು 5 ಸಾವಿರವಾಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10 ಸಾವಿರವಾಯಿತು. ಸಾಲದ್ದಕ್ಕೆ ತಡವಾದ ಪ್ರತಿ ತಿಂಗಳಿಗೂ 500 ರೂಪಾಯಿ. ನಮ್ಮದು 36 ತಿಂಗಳು ತಡ. 18 ಸಾವಿರ ದಂಡ, 10 ಸಾವಿರ ಶುಲ್ಕ, ಒಟ್ಟು 28 ಸಾವಿರ. ಸುಮ್ಮನೆ ನಿಂತಿದೆ, ಏನು ಖರ್ಚು ಎಂದುಕೊಂಡಿದ್ದೆವಲ್ಲ, ಅದು ನಿಂತಲ್ಲೇ ದಿನಕ್ಕೆ ಹದಿನಾರು ರೂಪಾಯಿ ತಿನ್ನುತ್ತಿತ್ತು.

ಇನ್ನೊಂದು ವಿಷಯ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಸಾವಿನ ಮನೆಯಲ್ಲಿ ಇದು ಯಾರ ನೆನಪಿಗೆ ಬರುತ್ತದೆ? ನಮಗೂ ಬರಲಿಲ್ಲ.

ಶಿಕಾರಿಪುರದಿಂದ ಒಬ್ಬ ಗುಜರಿಯವನು ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, 25 ಸಾವಿರ ಎಂದ. ಕಾಗದ ಬೇಡ, ಕೈಗೆ ಕ್ಯಾಶು. ಒಂದು ಟನ್ನಿಗಿಂತ ಹೆಚ್ಚಿನ ಕಬ್ಬಿಣ, ಈಗಿನ ಕಾರಿನ ತಗಡಲ್ಲ, ಅವನಿಗೆ ಲಾಭವೇ. ಆರ್‌ಸಿ ರದ್ದು ಮಾಡಿಸದೆ ಹಾಗೆ ಕೊಟ್ಟರೆ ಆ ಚಾಸಿ ನಂಬರು ನಾಳೆ ಯಾವ ಗಾಡಿಯ ಮೇಲೆ ಕುಳಿತಿರುತ್ತದೋ ಹೇಳಲಾಗದು. ಮಾರಿದ್ದರೂ ವರ್ಗಾವಣೆ ಮಾಡಿಸದಿದ್ದರೆ, ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತೀರಿಹೋದ ಉಪ್ಪನ ಹೆಸರು ಯಾವುದೋ ಕೇಸಿನಲ್ಲಿ ಬರುವುದು ಬೇಡವೆಂದು ಅವನನ್ನು ಕಳಿಸಿದೆವು. ಸರ್ಕಾರ ಒಪ್ಪಿದ ಗುಜರಿ ಕೇಂದ್ರಗಳಿಗೆ ಕೊಟ್ಟರೆ ಸರ್ಟಿಫಿಕೇಟು ಸಿಗುತ್ತದೆ, ಹೊಸ ಕಾರಿನ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೂ ಅವಕಾಶವಿದೆ. ಆದರೆ 2021ರ ನೀತಿಯಲ್ಲಿ ಗುಜರಿ ಬೆಲೆಯನ್ನು ಹೊಸ ಗಾಡಿಯ ಷೋರೂಂ ಬೆಲೆಯ ಶೇ. 4ರಿಂದ 6 ಎಂದು ಹೇಳಿದ್ದಾರೆ. ಷೋರೂಮೇ ಇಲ್ಲದ ಗಾಡಿಗೆ ಯಾವುದರ ಶೇಕಡಾ? ವಿಂಟೇಜ್ ಎಂದು ಮಾಡಿಸೋಣವೆಂದರೆ 50 ವರ್ಷವಾಗಬೇಕು. ಅಂದರೆ 2042ರವರೆಗೆ ಸೋಗೆ ಬದಲಾಯಿಸುತ್ತಾ ಕೂರಬೇಕು.

ಇಷ್ಟೆಲ್ಲ ಲೆಕ್ಕವನ್ನು ಹಿಡಿದು ಒಂದು ಭಾನುವಾರ ಉಮ್ಮನ ಮುಂದೆ ಕುಳಿತೆವು. ಅಕ್ಕನೂ ಬಂದಿದ್ದಳು. ಉಮ್ಮ ಕೇಳಿಸಿಕೊಳ್ಳುತ್ತಿದ್ದರು, ಎದುರು ಮಾತಾಡಲಿಲ್ಲ. ಕಡೆಗೆ ಹೇಳಿದರು: "ನೀವು ಮೂವರೂ ಕಾರಿನ ಬಗ್ಗೆ ಮಾತಾಡ್ತೀರಿ. ಆ ರಾತ್ರಿ ಬಗ್ಗೆ ಒಬ್ಬರೂ ಮಾತಾಡುದಿಲ್ಲ."

ಆ ರಾತ್ರಿ 2022ರ ಜುಲೈ ತಿಂಗಳದು. ಮಳೆ ಹಿಡಿದುಕೊಂಡಿತ್ತು. ಊಟಕ್ಕೆ ಕುಳಿತ ಉಪ್ಪನ ಬಲಗೈಯಿಂದ ಲೋಟ ಜಾರಿತು, ಬಾಯಿ ಒಂದು ಕಡೆ ವಾಲಿತು. ಶಿವಮೊಗ್ಗಕ್ಕೆ ಹೋಗೋಣ, 108ಕ್ಕೆ ಫೋನು ಮಾಡಿ ಎಂದವರು ಉಮ್ಮ. ಉಪ್ಪನೇ ತೊದಲುತ್ತಾ ಬೇಡವೆಂದರು. ಕರಾವಳಿಯ ದೊಡ್ಡ ಆಸ್ಪತ್ರೆಗೆ, ತನ್ನ ಕಾರಿನಲ್ಲೇ, ಅಕ್ಕನೂ ಅಲ್ಲೇ ಹತ್ತಿರ ಇದ್ದಾಳೆ. ನಾವು ಉಪ್ಪನ ಮಾತು ಕೇಳಿದೆವು. ಸಾಗರ, ಹೊಸನಗರ ದಾಟಿ, ನಗರ ಇನ್ನೂ ದೂರವಿರುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ವಾಟರ್ ಪಂಪು ಹೋಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ತುಂಬ ಹೊತ್ತಾದ ಮೇಲೆ ಒಂದು ಪಿಕಪ್ ಬಂತು. ಹಿಂದೆ ತಾಡಪಾಲಿನ ಕೆಳಗೆ ಉಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಮ್ಮ ಹುಲಿಕಲ್ ಘಾಟಿ ಇಳಿದರು.

ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡರೆ, ಗಂಟನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಆದಷ್ಟೂ ಒಳ್ಳೆಯದು. ನಾವು ತಲುಪುವಾಗ ಅದು ಮೀರಿತ್ತು. ಉಪ್ಪನ ಬಲಗೈ ಮತ್ತೆ ಏಳಲಿಲ್ಲ. ಮಾತು ಅರ್ಧ ಬಂತು. ಬೇಗ ಹೋಗಿದ್ದರೆ ಸರಿಯಾಗುತ್ತಿತ್ತೇ ಎಂಬುದನ್ನು ಯಾವ ಡಾಕ್ಟರೂ ಹೇಳಲಾರರು. ಇದನ್ನು ಓದುವವರು ಇಷ್ಟು ಮಾಡಿ: ಕೈ ಸೋತು ಬಾಯಿ ವಾಲಿದರೆ, ರೋಗಿ ಏನೇ ಹೇಳಲಿ, 108ಕ್ಕೆ ಫೋನು ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ.

ಕಾರನ್ನು ಮರುವಾರ ಎಳೆಸಿಕೊಂಡು ಬಂದು ಮಾಡಿನ ಕೆಳಗೆ ನಿಲ್ಲಿಸಿದೆವು. ರಿಪೇರಿ ಮಾಡಿಸದೆ ಬಿಟ್ಟದ್ದಕ್ಕೆ ಹಣ, ಪುರುಸೊತ್ತು ಎಂದೆಲ್ಲ ಕಾರಣ ಹೇಳಿಕೊಂಡಿದ್ದೆವು. ಈಗ ನೋಡಿದರೆ, ಅದರೊಳಗೆ ಕೂರುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಅಡಿಗೆಮನೆಯ ಕಿಟಕಿ ತೆಗೆದರೆ ಎದುರಿಗೆ ಕಾಣುವುದು ಅದೇ ಕಾರು. ಉಮ್ಮ ಮೂರು ವರ್ಷ ಆ ಕಿಟಕಿ ಮುಚ್ಚಿಟ್ಟಿದ್ದರು. ಹೊಗೆಯಲ್ಲಿ ಯಾಕೆ ಬೇಯುತ್ತೀರಿ ಎಂದು ನಾವೇ ಗದರಿದ್ದೂ ಇದೆ.

"ಹಾಗಾದ್ರೆ ಗುಜರಿಗೆ ಕೊಡೋಣವಾ ಉಮ್ಮ?" ಎಂದು ಅಕ್ಕ ಕೇಳಿದಳು.

"ಬೇಡ. ಕೊಯ್ಯುವವನಿಗೆ ಬೇಡ. ಓಡಿಸುವವನಿಗೆ ಕೊಡಿ. ಅದು ಮೂವತ್ತು ವರ್ಷ ನಮ್ಮನ್ನು ಸಾಕಿದೆ. ನಿಂತದ್ದು ನೋಡ್ಲಿಕ್ಕೆ ಮಾತ್ರ ನನ್ನಿಂದ ಆಗುದಿಲ್ಲ."

ಓಡಿಸುವವನು ಸಿಕ್ಕಿದ್ದು ಶಿಕಾರಿಪುರದಲ್ಲೇ. ಒಂದು ಕಾಲದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿ ಈಗ ಚಿಕ್ಕ ಗ್ಯಾರೇಜು ಇಟ್ಟುಕೊಂಡಿರುವವರು. ಬಂದವರೇ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮೂಸಿ ನೋಡಿದರು. ಫ್ಯಾನ್ ಹಿಡಿದು ಕೈಯಿಂದ ತಿರುಗಿಸಿದರು. "ಜಾಮ್ ಆಗಿಲ್ಲ ಸಾಹೇಬ್ರೆ, ಜೀವ ಐತೆ" ಎಂದರು. ಕಾಗದ ಸರಿ ಮಾಡಿಸಿ ಕೊಟ್ಟರೆ 40 ಸಾವಿರ, ಪಂಪು, ಟಯರು, ಬ್ಯಾಟರಿ ಎಲ್ಲ ಅವರದೇ. ನಮಗೆ 28 ಸಾವಿರ ಕಾಗದಕ್ಕೆ ಹೋದರೆ ಉಳಿಯುವುದು 12 ಸಾವಿರ. ಗುಜರಿಯವನ ದರಕ್ಕಿಂತ 13 ಸಾವಿರ ಕಡಿಮೆ. ಇದಕ್ಕೆ ನಾಲ್ವರೂ ಒಪ್ಪಬೇಕೆಂದು ಉಸ್ತಾದರ ಮಾತು ನೆನಪಿಟ್ಟು ಒಬ್ಬೊಬ್ಬರನ್ನೇ ಕೇಳಿದೆವು. ಒಪ್ಪಿದರು.

ಮೂರು ಭಾನುವಾರ ಅವರು ನಮ್ಮ ಅಂಗಳಕ್ಕೇ ಬಂದು ಕೆಲಸ ಮಾಡಿದರು. ಮೂರನೆಯ ಭಾನುವಾರ ಹೀಟರ್ ಹಾಕಿ ಕಾಯುತ್ತಾ ಕುಳಿತಾಗ ಅವರೂ ಕನ್ನಡಿ ಒರೆಸಿದರು. ನಾವು ಮುಖ ಮುಖ ನೋಡಿಕೊಂಡೆವು. ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹಿಡಿಯಿತು, ಕಪ್ಪು ಹೊಗೆ ಅಂಗಳ ತುಂಬಿತು, ಕೋಳಿ ಕಿರುಚುತ್ತಾ ಹೊರಗೆ ಹಾರಿತು. ಉಮ್ಮ ಅಡಿಗೆಮನೆಯ ಕಿಟಕಿ ತೆಗೆದು ನಿಂತಿದ್ದರು.

ಆರ್‌ಸಿ ಕೈಗೆ ಬಂದು, ಫಾರಂ 29, 30ಕ್ಕೆ ಸಹಿ ಹಾಕಿ, ಅವರ ಹೆಸರಿಗೆ ಆದ ಮೇಲೆಯೇ ಗಾಡಿ ಬಿಟ್ಟದ್ದು. 12 ಸಾವಿರದಲ್ಲಿ ಉಮ್ಮನ ಪಾಲು 1,500 ರೂಪಾಯಿ, ಅಕ್ಕನದು 2,100, ನಮ್ಮಿಬ್ಬರದು 4,200ರ ಹಾಗೆ. ಏಳು ಸಾವಿರ ಬೇಡವೆಂದಿದ್ದ ಅಕ್ಕ ಈ ಎರಡು ಸಾವಿರದ ನೂರನ್ನು ಎಣಿಸಿ ತೆಗೆದುಕೊಂಡಳು. "ಇದು ಉಪ್ಪ ಕೊಟ್ಟದ್ದು" ಎಂದಳು.

ಕಾರು ಹೋಗಿ ಎಂಟು ದಿನಕ್ಕೆ ಶಿಕಾರಿಪುರದಿಂದ ಫೋನು ಬಂತು. ಏನೋ ಕೆಟ್ಟಿತೆಂದು ನಾವು ಹೆದರಿದೆವು. ಗಾಡಿ ಚೆನ್ನಾಗಿದೆ, ಸಿರಾಳಕೊಪ್ಪದ ತನಕ ಹೋಗಿಬಂದೆ ಎಂದರು ಅವರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: "ಸಾಹೇಬ್ರೆ, ಡಿಕ್ಕಿನ ನಾಲ್ಕು ಸಲ ಸೋಪು ಹಾಕಿ ತೊಳೆದೆ. ಒಣಮೀನಿನ ವಾಸನೆ ಹೋಗ್ತಾನೇ ಇಲ್ಲ, ಏನು ಮಾಡ್ಲಿ?"