ಮುಖವಿಲ್ಲದ ವಾರ್ಡು

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಹುಡುಗ ಅಥವಾ ಹುಡುಗಿಗೆ ಶಾಸಕರನ್ನು ಆರಿಸುವ ಅವಕಾಶ ಎರಡು ಸಲ ಸಿಕ್ಕಿದೆ, 2018 ಮತ್ತು 2023ರಲ್ಲಿ. ಸಂಸದರನ್ನು ಆರಿಸುವ ಅವಕಾಶವೂ ಎರಡು ಸಲ, 2019 ಮತ್ತು 2024ರಲ್ಲಿ. ಆದರೆ ತಮ್ಮ ವಾರ್ಡಿಗೆ ಕಾರ್ಪೊರೇಟರ್ ಯಾರಾಗಬೇಕು ಎಂದು 2025 ಮುಗಿಯುವವರೆಗೂ ಅವರನ್ನು ಯಾರೂ ಕೇಳಲಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ಅವರಿಗೆ ಹದಿನೆಂಟು ತುಂಬಿ ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ; ಅವರಿಗಿಂತ ಚಿಕ್ಕವರ ಮಾತಂತೂ ಕೇಳುವುದೇ ಬೇಡ. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಐದು ವರ್ಷ ಆಡಳಿತಾಧಿಕಾರಿಗಳ ಕಾರುಬಾರು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್‌ನಿಂದ ತಡೆ ಬಂತು. ವಾರ್ಡುಗಳು ಕಾಗದದ ಮೇಲೆ 198ರಿಂದ 243 ಆದವು, 243ರಿಂದ 225 ಆದವು. ಈ ನಡುವೆ ವಿಧಾನಸೌಧದಲ್ಲಿ ಬಿಜೆಪಿ ಹೋಗಿ ಕಾಂಗ್ರೆಸ್ ಬಂತು. ಕಾರ್ಪೊರೇಟರ್ ಮಾತ್ರ ಬರಲಿಲ್ಲ.

ನನ್ನ ಓರಗೆಯವರ ಮೇಲೆ ಸದಾ ಒಂದು ದೂರಿದೆ: ಇವರಿಗೆ ರಾಜಕೀಯದ ಗಂಧಗಾಳಿ ಇಲ್ಲ, ರೀಲ್ಸ್ ನೋಡುತ್ತಾ ಕೂರುತ್ತಾರೆ, ಮತಗಟ್ಟೆಯ ಕಡೆ ತಲೆ ಹಾಕುವುದಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ನಗರದ ಮೂರು ಕ್ಷೇತ್ರಗಳಲ್ಲಿ ಮತದಾನ ಶೇ 53–54ರ ಆಸುಪಾಸಿನಲ್ಲೇ ನಿಂತಿತು, ಮಂಡ್ಯ ಶೇ 81 ದಾಟಿತು. ಶಾಯಿ ಹಚ್ಚಿದ ಬೆರಳು ತೋರಿಸಿದರೆ ಬೆಣ್ಣೆ ದೋಸೆ ಕೊಡುತ್ತೇವೆ ಎಂದು ಹೋಟೆಲ್‌ನವರು ಕರೆದರೂ ಅಷ್ಟೇ. ಅಂಕಿ ಸುಳ್ಳಲ್ಲ. ಆದರೆ ಅದನ್ನು ಹುಡುಗರ ತಲೆಗೆ ಕಟ್ಟಲು ಆಧಾರವೇನು? ಚುನಾವಣಾ ಆಯೋಗ ಮತದಾನವನ್ನು ಗಂಡು, ಹೆಣ್ಣು, ಇತರರು ಎಂದು ವಿಂಗಡಿಸಿ ಕೊಡುತ್ತದೆ. ಯಾವ ವಯಸ್ಸಿನವರು ಎಷ್ಟು ಜನ ಬಂದರು ಎಂದು ಕೊಡುವುದಿಲ್ಲ. ಊರು ಬಿಟ್ಟವರ, ತೀರಿಹೋದವರ, ಎರಡು ಕಡೆ ಹೆಸರಿರುವವರ ಲೆಕ್ಕವೂ ಮತದಾರರ ಪಟ್ಟಿಯಲ್ಲಿ ಸೇರಿಕೊಂಡಿದೆ ಎಂಬ ತಕರಾರು ಹಳೆಯದು. ಇನ್ನು ಇದೇ ನಗರದ ಜಯನಗರ ಕ್ಷೇತ್ರದಲ್ಲಿ 2023ರಲ್ಲಿ ಮರುಎಣಿಕೆಯ ನಂತರ ಫಲಿತಾಂಶ ನಿರ್ಧಾರವಾದದ್ದು ಬರೀ 16 ಮತಗಳ ಅಂತರದಲ್ಲಿ. ಒಂದು ಪಿ.ಜಿ.ಯ ಒಂದು ಮಹಡಿಯವರು ಮನಸ್ಸು ಮಾಡಿದ್ದರೆ ಶಾಸಕರೇ ಬದಲಾಗುತ್ತಿದ್ದರು. ಆದ್ದರಿಂದ ನಿರಾಸಕ್ತಿ ಎಂಬ ರೋಗನಿರ್ಣಯವನ್ನು ನಾನು ಒಪ್ಪುವುದಿಲ್ಲ. ನಮಗೆ ಅಭಿಪ್ರಾಯಗಳ ಬರವಿಲ್ಲ. ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಅವೆಲ್ಲ ಗುರುತು ಸಿಗುವ ಮುಖಗಳ ಮೇಲೆ ಹೋಗಿ ಕೂರುತ್ತವೆ ಎಂಬುದೇ ತೊಂದರೆ. ನಮಗೆ ಅತಿ ಹತ್ತಿರದ ಆಡಳಿತಕ್ಕೆ ಮುಖವೇ ಇರಲಿಲ್ಲ.

ಮೀಮ್‌ಗೆ ಮುಖ ಬೇಕು. ನೋಡಿದ ಕೂಡಲೇ ಯಾರೆಂದು ತಿಳಿಯಬೇಕು, ಹೆಬ್ಬೆರಳು ಮುಂದಿನದಕ್ಕೆ ಜಾರುವ ಮೊದಲು ನಗು ಬಂದಿರಬೇಕು. ‘ಜಾಗ್ವಾರ್’ ಚಿತ್ರದ ಹಾಡುಗಳ ಬಿಡುಗಡೆ ವೇದಿಕೆಯಿಂದ ಎಚ್.ಡಿ. ಕುಮಾರಸ್ವಾಮಿ ಮಗನನ್ನು ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂದು ಕೂಗಿ ಕರೆದದ್ದು 2016ರಲ್ಲಿ. 2019ರಲ್ಲಿ ನಿಖಿಲ್ ಮಂಡ್ಯದಿಂದ ಲೋಕಸಭೆಗೆ ನಿಂತಾಗ ಟ್ರೋಲ್ ಪೇಜುಗಳು ಆ ತುಣುಕನ್ನು ಹೊರತೆಗೆದವು. ಕುಟುಂಬ ರಾಜಕಾರಣದ ಮೇಲೆ ಪತ್ರಿಕೆಗಳು ಬರೆದ ಸಂಪಾದಕೀಯಗಳಿಗೆ ಆಗದ ಕೆಲಸ ಎರಡೇ ಪದಗಳಿಗೆ ಆಯಿತು. ತಂದೆ ಮುಖ್ಯಮಂತ್ರಿ, ಮಗ ಅಭ್ಯರ್ಥಿ, ನಡುವೆ ಊರೆಲ್ಲ ನಗುತ್ತಿದೆ! ನಿಖಿಲ್ ಸೋತರು. ಗೆದ್ದವರು ಯಾರು? ಅಂಬರೀಷ್ ಅವರ ಪತ್ನಿ, ಸ್ವತಃ ನಟಿಯಾದ ಸುಮಲತಾ. ‘ಜೋಡೆತ್ತು’ಗಳಾಗಿ ಅವರ ಪರ ಊರೂರು ಸುತ್ತಿದವರು ದರ್ಶನ್ ಮತ್ತು ಯಶ್. ಮನೆತನದ ಹೆಸರನ್ನು ಅಣಕಿಸಿದ ಹಾಸ್ಯ ಕೊನೆಗೆ ಇನ್ನೊಂದು ಮನೆತನದ ಹೆಸರಿಗೇ ಅನುಕೂಲ ಮಾಡಿತು. ಇದಕ್ಕೆ ಹುಡುಗರ ಜಾಣತನದ ಕೊರತೆ ಕಾರಣವಲ್ಲ. ಆ ಹಾಸ್ಯಕ್ಕೆ ಒಂದು ಮುಖವನ್ನು ಕೆಡವಿ ಇನ್ನೊಂದನ್ನು ಕೂರಿಸುವುದಷ್ಟೇ ಸಾಧ್ಯ. ಟಿಕೆಟ್ ಹಂಚುವ ಪದ್ಧತಿಯ ಹತ್ತಿರ ಅದು ಹೋಗಲಾರದು.

ಮೀಮ್ ಅಧಿಕಾರವನ್ನೇ ಅಲುಗಾಡಿಸಿದ ಉದಾಹರಣೆ ಇಲ್ಲವೇ ಎಂದರೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡಿನ ನಡುವೆ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವಿಟ್ಟ ‘ಪೇಸಿಎಂ’ ಪೋಸ್ಟರ್‌ಗಳು ಅಂಟಿಕೊಂಡವು. ಟೀ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಡುವುದಕ್ಕೂ ಫೋನ್ ಎತ್ತುವ ಪೀಳಿಗೆಗೆ ಅದನ್ನು ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ಕಾಂಗ್ರೆಸ್ಸಿನ ಪ್ರಚಾರ ತಂಡಕ್ಕೆ ಈ ವಿಷಯದಲ್ಲಿ ಭೇಷ್ ಎನ್ನಲೇಬೇಕು. 2023ರ ಮೇ ತಿಂಗಳಲ್ಲಿ ಆ ಪಕ್ಷ 135 ಸ್ಥಾನ ಗೆದ್ದಿತು. ಆದರೆ ಪೋಸ್ಟರ್ ಹುಟ್ಟಿದ ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಹೆಚ್ಚು ಗೆದ್ದದ್ದು ಬಿಜೆಪಿಯೇ ಎಂಬುದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಆ ಪೋಸ್ಟರ್ ಹಿಂದಿದ್ದ ಶೇ 40 ಕಮಿಷನ್ ಎಂಬ ಆರೋಪ ಹೊರಬಿದ್ದದ್ದು ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಿಂದ. ಅಂದರೆ ಮಾತೆಲ್ಲ ಕಾಮಗಾರಿಗಳದ್ದು: ಯಾವ ರಸ್ತೆ, ಯಾವ ಮೋರಿ, ಎಷ್ಟು ಬಿಲ್, ಯಾರ ಸಹಿ. ಪೋಸ್ಟರ್ ಅಷ್ಟನ್ನೂ ಒಂದು ಮುಖಕ್ಕೆ ಇಳಿಸಿತು. ಆ ಮುಖ ಅಧಿಕಾರದಿಂದ ಇಳಿಯಿತು, ಸಿಟ್ಟೂ ಅದರ ಜೊತೆಗೇ ಇಳಿದುಹೋಯಿತು. ನಮ್ಮ ಬೀದಿಯ ಮೋರಿಯ ಬಿಲ್ಲು ಎಲ್ಲಿದೆ ಎಂದು ಆಮೇಲೆ ಯಾರೂ ಸ್ಕ್ಯಾನ್ ಮಾಡಿ ನೋಡಲಿಲ್ಲ. ಪಕ್ಷಕ್ಕೆ ಬೇಕಾದದ್ದೂ ಅಷ್ಟೇ ಇರಬೇಕು.

ವಾರ್ಡಿನ ಪ್ರಶ್ನೆ ದೊಡ್ಡ ಮುಖಗಳ ಪಾಲಾಗುವುದು ರಸ್ತೆ ಗುಂಡಿಯ ಕತೆಯಲ್ಲಿ ಇನ್ನೂ ಸ್ಪಷ್ಟ. 2019ರ ಸೆಪ್ಟೆಂಬರ್ ಆರಂಭ; ಚಂದ್ರಯಾನ-2 ಇಳಿಯುವುದಕ್ಕೆ ದೇಶ ಕಾಯುತ್ತಿದೆ. ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿ ಕಡೆಯ ತುಂಗಾನಗರದಲ್ಲಿ ಗಗನಯಾತ್ರಿಯ ಉಡುಪು ತೊಡಿಸಿ ಒಬ್ಬ ನಟನನ್ನು ಹೆಜ್ಜೆ ಎತ್ತಿ ಎತ್ತಿ ನಡೆಸುತ್ತಾರೆ. ಮೊದಲ ಕೆಲವು ಸೆಕೆಂಡು ಅದು ಚಂದ್ರನ ನೆಲವೇ. ಪಕ್ಕದಲ್ಲಿ ಆಟೊ ಹಾದುಹೋದಾಗ ಗುಟ್ಟು ರಟ್ಟಾಗುತ್ತದೆ. ವಿಡಿಯೊ ಜಗತ್ತೆಲ್ಲ ಸುತ್ತಿತು, ರಸ್ತೆಯ ದುರಸ್ತಿ ಮರುದಿನವೇ ಶುರುವಾಯಿತು. ಆಗ ನಗರಕ್ಕೆ ಚುನಾಯಿತ ಪಾಲಿಕೆಯೊಂದಿತ್ತು, ಗುಂಡಿಗೆ ವಾರಸುದಾರರಿದ್ದರು. ಆರು ವರ್ಷದ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಂಪನಿಯೊಂದರ ಮುಖ್ಯಸ್ಥರು ಇಲ್ಲಿನ ಗುಂಡಿ, ದೂಳು, ಓಡಾಟದ ಹೊತ್ತು ಸಾಕಾಯಿತು, ಜಾಗ ಖಾಲಿ ಮಾಡುತ್ತೇವೆ ಎಂದು ಎಕ್ಸ್‌ನಲ್ಲಿ ಬರೆದರು. ಉತ್ತರ ಕೊಡಲು ಉಪಮುಖ್ಯಮಂತ್ರಿಯೇ ಮುಂದೆ ಬರಬೇಕಾಯಿತು. ಆಂಧ್ರದ ಸಚಿವ ನಾರಾ ಲೋಕೇಶ್ ಅದೇ ಬರಹ ಹಿಡಿದು ‘ನಮ್ಮಲ್ಲಿಗೆ ಬನ್ನಿ’ ಎಂದು ಆಹ್ವಾನಿಸಿದರು. ವಾರ್ಡ್ ಎಂಜಿನಿಯರ್ ಮಟ್ಟದಲ್ಲಿ ಮುಗಿಯಬೇಕಾದ ಡಾಂಬರಿನ ಸಂಗತಿ ಎರಡು ರಾಜ್ಯಗಳ ಜಟಾಪಟಿಯಾಯಿತು. ಓದುವವರಿಗೆ ರಸವತ್ತಾದ ಸುದ್ದಿ, ಹಂಚಿಕೊಳ್ಳುವವರಿಗೆ ‘ಪೀಕ್ ಬೆಂಗಳೂರು’ ಸರಣಿಗೆ ಇನ್ನೊಂದು ಕಂತು.

ಸುದ್ದಿ ವಾಹಿನಿಗಳನ್ನು ಬೈಯುವುದು ಸುಲಭ, ಹಾಗಾಗಿ ಬೇಗ ಮುಗಿಸುತ್ತೇನೆ. 2019ರ ಜುಲೈನಲ್ಲಿ ಅತೃಪ್ತ ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತಿದ್ದಾಗ ನಮ್ಮ ಕ್ಯಾಮೆರಾಗಳು ದಿನಗಟ್ಟಲೆ ಗೇಟಿನ ಹೊರಗೆ ನಿಂತವು. ಅವರಲ್ಲಿ ಬೆಂಗಳೂರಿನ ಶಾಸಕರೂ ಇದ್ದರು. ಆ ಗೇಟಿಗೆ ಸಿಕ್ಕ ಪ್ರಸಾರದ ಸಮಯದಲ್ಲಿ ನೂರಕ್ಕೊಂದು ಪಾಲೂ ಅವರ ಕ್ಷೇತ್ರದ ಕೆರೆ, ರಸ್ತೆಗಳಿಗೆ ಸಿಕ್ಕಿರಲಿಕ್ಕಿಲ್ಲ. ಹಾಸ್ಯಕ್ಕೂ ಇದೇ ಗತಿ ಬಂತು. ದಾನಿಶ್ ಸೇಠ್ ನಟಿಸಿದ ‘ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್’ 2018ರಲ್ಲಿ ತೆರೆಗೆ ಬಂದಾಗ ನಾಯಕ ಒಬ್ಬ ಕಾರ್ಪೊರೇಟರ್, ಶಾಸಕನಾಗುವ ಆಸೆಬುರುಕ. 2022ರಲ್ಲಿ ಅದು ವೆಬ್ ಸರಣಿಯಾಗುವ ಹೊತ್ತಿಗೆ ನೊಗ್‌ರಾಜ್ ಅತಂತ್ರ ವಿಧಾನಸಭೆಯ ನಡುವೆ ಮುಖ್ಯಮಂತ್ರಿ ಕುರ್ಚಿಗೆ ಕೈ ಹಾಕಿದ್ದ. ಚಿತ್ರಕತೆ ಬರೆದವರನ್ನು ದೂರುವಂತಿಲ್ಲ. ಗೇಲಿ ಮಾಡಲು ನಗರದಲ್ಲಿ ಆಗ ಕಾರ್ಪೊರೇಟರ್‌ಗಳೇ ಉಳಿದಿರಲಿಲ್ಲವಲ್ಲ!

ಮುಖಗಳ ರಾಜಕೀಯ ಎಷ್ಟು ದುಬಾರಿಯಾಗಬಹುದು ಎಂಬುದು 2025ರ ಜೂನ್ 4ರಂದು ಗೊತ್ತಾಯಿತು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ತನ್ನ ಮೊದಲ ಐಪಿಎಲ್ ಕಪ್ ಗೆದ್ದಿತ್ತು. ಹದಿನೆಂಟು ವರ್ಷದ ಕಾಯುವಿಕೆ. ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ, ಬಳಿಕ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ. ಸುಮಾರು 35 ಸಾವಿರ ಜನ ಹಿಡಿಯುವ ಮೈದಾನದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಸತ್ತರು, ಹೆಚ್ಚಿನವರು ಎಳೆಯರು. ಆಟಗಾರರ ಪಕ್ಕದಲ್ಲಿ ನಿಂತು ಫೋಟೊಗೆ ಮುಖ ಕೊಡುವ ಆತುರ ಆ ದಿನ ವೇದಿಕೆಯ ಮೇಲೆ ಎದ್ದು ಕಾಣುತ್ತಿತ್ತು. ಮರುದಿನದಿಂದ ನಡೆದ ಚರ್ಚೆಯೂ ಮುಖಗಳದ್ದೇ: ತಪ್ಪು ಇವರದೋ, ಅವರದೋ? ಪೊಲೀಸ್ ಕಮಿಷನರ್ ಅಮಾನತಾದರು, ವಿಚಾರಣಾ ಆಯೋಗ ಬಂತು. ಯಾವ ಗೇಟನ್ನು ಎಷ್ಟು ಹೊತ್ತಿಗೆ ತೆರೆದರು, ಉಚಿತ ಪ್ರವೇಶದ ಸುದ್ದಿ ಹೇಗೆ ಹಬ್ಬಿತು, ಇಷ್ಟು ಜನಕ್ಕೆ ಅನುಮತಿ ಕೊಡುವ ಕ್ರಮ ಯಾವುದು ಎಂಬ ಒಣ ಪ್ರಶ್ನೆಗಳು ವರದಿಯ ಪುಟಗಳಿಗೆ ಹೋದವು. ಅಲ್ಲಿಗೆ ಹೋದ ಹುಡುಗರನ್ನು ‘ಇವರಿಗೆ ಬೇರೆ ಕೆಲಸವಿಲ್ಲ’ ಎಂದವರೂ ಇದ್ದರು. ಅಷ್ಟು ಕಠಿಣವಾದ ಮಾತು ಮೆಟ್ಟಿಲ ಮೇಲೆ ನಿಂತಿದ್ದವರಿಗೆ ಸಲ್ಲಬೇಕಿತ್ತು.

ಇಷ್ಟೆಲ್ಲ ಕೇಳಿದವರು ಒಂದು ಪ್ರಶ್ನೆ ಎತ್ತಿಯೇ ಎತ್ತುತ್ತಾರೆ: ಕಾರ್ಪೊರೇಟರ್‌ಗಳೇನು ಸತ್ಯಹರಿಶ್ಚಂದ್ರರೇ? ಅಲ್ಲ. ಗುತ್ತಿಗೆದಾರರ ನಂಟು, ಕಟ್ಟಡದ ನಕ್ಷೆಗೆ ಕೈಬಿಸಿ, ಎಲ್ಲ ಇತ್ತು. 2015ರಿಂದ 2020ರವರೆಗೆ ಐದು ವರ್ಷಕ್ಕೆ ಐವರು ಮೇಯರ್‌ಗಳು. ಹೆಸರು ನೆನಪಿಟ್ಟುಕೊಳ್ಳುವಷ್ಟರಲ್ಲಿ ಬದಲಾಗುತ್ತಿದ್ದರು. ಆದರೂ ಕಾರ್ಪೊರೇಟರ್ ಮನೆ ಎಲ್ಲಿದೆ ಎಂದು ಹಾಲಿನವನಿಗೂ ಗೊತ್ತಿತ್ತು, ಐದು ವರ್ಷಕ್ಕೊಮ್ಮೆ ಅವರನ್ನು ಇಳಿಸಬಹುದಿತ್ತು. ವರ್ಗಾವಣೆಯಾಗುವ ಅಧಿಕಾರಿಯನ್ನು ಯಾವ ಮತದಿಂದ ಇಳಿಸುವುದು? ಇನ್ನೊಂದು ಆಕ್ಷೇಪ: ಕಾರ್ಪೊರೇಟರ್ ನೆರವಿಲ್ಲದೆಯೂ ಹುಡುಗರು ಗೆದ್ದದ್ದುಂಟಲ್ಲ? 2016ರ ಅಕ್ಟೋಬರ್‌ನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಹಾದಿಯುದ್ದಕ್ಕೂ ಮಾನವ ಸರಪಳಿ ಕಟ್ಟಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂದರು. 812 ಮರಗಳನ್ನು ನುಂಗಲಿದ್ದ ಯೋಜನೆಯನ್ನು 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ನಿಜ, ಹ್ಯಾಷ್‌ಟ್ಯಾಗನ್ನು ಹೀಯಾಳಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಒಂದು ದೊಡ್ಡ ಕೆಲಸ ಬೇಡ ಎನ್ನುವುದಕ್ಕೆ ಸರಪಳಿ ಸಾಕು. ಪ್ರತಿ ಮಳೆಗಾಲಕ್ಕೆ ಮುಂಚೆ ರಾಜಕಾಲುವೆಯ ಹೂಳೆತ್ತಿಸುವುದಕ್ಕೆ ಅದು ಸಾಲದು. ಅಲ್ಲಿ ಪ್ರತಿ ತಿಂಗಳು ಕೂತು ಲೆಕ್ಕ ಕೇಳುವ ವಾರ್ಡ್ ಸಮಿತಿಯೇ ಬೇಕು.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಅರ್ಧ ಉತ್ತರವಷ್ಟೇ ಇದೆ. ವೈಟ್‌ಫೀಲ್ಡಿನ ಪಿ.ಜಿ.ಯಲ್ಲಿರುವ ಕಲಬುರಗಿಯ ಹುಡುಗಿಯ ಮತ ಊರಲ್ಲಿದೆ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವಳಿಗೆ ಯಾವ ವಾರ್ಡು ತನ್ನದು? ವಿಳಾಸದ ದಾಖಲೆಗೆ ಕರಾರುಪತ್ರ ಕೇಳಿದರೆ ಮಾಲೀಕರ ಮುಖ ಗಂಟಾಗುತ್ತದೆ. ದೇಶದ ಪ್ರಶ್ನೆಗಳು ಅವಳ ಜೊತೆ ಎಲ್ಲಿಗಾದರೂ ಬರುತ್ತವೆ. ವಾರ್ಡಿನ ಪ್ರಶ್ನೆ ಮನೆ ಬದಲಿಸಿದ ದಿನ ಹಿಂದೆ ಉಳಿಯುತ್ತದೆ. ಅವಳು ದಿಲ್ಲಿಯ ಬಗ್ಗೆ ಹೆಚ್ಚು ಮಾತಾಡಿದರೆ ಅದು ಕೊರತೆಯಲ್ಲ, ಲೆಕ್ಕಾಚಾರ. ಆದರೆ ಅವಳು ಕುಡಿಯುವುದು ಇಲ್ಲಿನ ಟ್ಯಾಂಕರ್ ನೀರು, ರಾತ್ರಿ ನಡೆಯುವುದು ಇಲ್ಲಿನ ಬೀದಿದೀಪವಿಲ್ಲದ ರಸ್ತೆ. ಮತ ಬೇರೆಡೆ ಇದ್ದರೂ ಪ್ರಶ್ನೆ ಕೇಳುವುದಕ್ಕೆ ಎದುರಿಗೆ ಒಬ್ಬರು ಇರಬೇಕು.

ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರಡಿ ಐದು ಪಾಲಿಕೆಗಳಿವೆ. ನಗರ ಆಡಳಿತ ಜನರ ಹತ್ತಿರ ಬರುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಆದರೆ ಐದರ ಮೇಲಿನ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷ. ಮಂತ್ರಿಗಳೂ ಶಾಸಕರೂ ಕೂತ ಆ ಸಭೆಯಲ್ಲಿ ಮೇಯರ್ ಒಬ್ಬರು ಬಾಯಿಬಿಟ್ಟರೂ ಸಂಜೆಯ ಬುಲೆಟಿನ್ನಿಗೆ ಬೇಕಾಗುವುದು ಮುಖ್ಯಮಂತ್ರಿಯ ಬೈಟ್. ನಮ್ಮ ಟ್ರೋಲ್ ಪೇಜುಗಳೂ ಅದನ್ನೇ ಕತ್ತರಿಸಿ ಹಾಕುತ್ತವೆ, ಸಂಪಾದನೆ ಅದರಿಂದಲೇ. ನಮ್ಮ ನಡುವೆ ಕ್ಯಾಮೆರಾ, ಎಡಿಟಿಂಗ್, ಹಾಸ್ಯಪ್ರಜ್ಞೆ ಮೂರೂ ಇರುವವರು ಸಾವಿರಾರು ಜನರಿದ್ದಾರೆ. ಅವರಲ್ಲಿ ಯಾರಾದರೂ ತಮ್ಮ ವಾರ್ಡಿನ ಒಂದು ಕಾಮಗಾರಿಯ ಜಾಬ್ ಕೋಡ್, ಅದರ ಬಿಲ್ ಮೊತ್ತ ಮತ್ತು ಮೊದಲ ಮಳೆಯ ನಂತರದ ಆ ರಸ್ತೆ, ಈ ಮೂರನ್ನು ಅರ್ಧ ನಿಮಿಷದ ರೀಲ್‌ನಲ್ಲಿ ಕೂಡಿಸಿ ತೋರಿಸಿದರೆ ಲೈಕು ಕಡಿಮೆಯೇ ಬರಬಹುದು. ಬಿಲ್ಲಿಗೆ ಸಹಿ ಹಾಕಿದವರಿಗೆ ಮಾತ್ರ ಅದು ಚೆನ್ನಾಗಿಯೇ ಮುಟ್ಟುತ್ತದೆ.